ಬೇಲಿ ಬಿದ್ದ ಮರುದಿನ ಆ ಕಾಡು ಯಾರದ್ದು?

ಶಿರಸಿ ಕಡೆ ಅಡಿಕೆ ತೋಟ ಇರುವವರಿಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ತಕರಾರು ಹೊಸದಲ್ಲ. ಎರಡು ಮನೆಯವರ ನಡುವೆ ಬೆಟ್ಟದ ಗಡಿಗೆ ಜಗಳ ಬಂತು, ಕೋರ್ಟಿನಿಂದ ಸ್ಟೇ ಬಿತ್ತು ಅಂತಿಟ್ಟುಕೊಳ್ಳಿ. ಇವರೂ ಸೊಪ್ಪು ಕಡಿಯುವ ಹಾಗಿಲ್ಲ, ಅವರೂ ದರಕು (ಒಣಗಿ ಉದುರಿದ ಎಲೆ) ಗುಡಿಸುವ ಹಾಗಿಲ್ಲ. ಕೇಸು ಹತ್ತು ಹದಿನೈದು ವರ್ಷ ಎಳೆದರೆ ಅಷ್ಟರಲ್ಲಿ ಅಲ್ಲಿ ಮತ್ತಿ, ನಂದಿ, ಹೊನ್ನೆ ಮರಗಳು ಎದ್ದು ನಿಂತಿರುತ್ತವೆ. ಕಾಡು ಬೆಳೆಸಬೇಕು ಅಂತ ಯಾರೂ ಹೊರಟಿರಲಿಲ್ಲ. ಜಗಳವೇ ಬೆಳೆಸಿತು. ತೀರ್ಪು ಬಂದ ವಾರದಲ್ಲಿ ಕತ್ತಿ ಹಿಡಿದು ಬೆಟ್ಟ ಹತ್ತುವವರು ಯಾರು ಅನ್ನುವುದೂ ಊರಿಗೆಲ್ಲ ಗೊತ್ತಿರುತ್ತದೆ.

ಉತ್ತರ, ದಕ್ಷಿಣ ಕೊರಿಯಾಗಳ ನಡುವೆ ಆದದ್ದು ಇದೇ. ಆದರೆ ಅಲ್ಲಿ ಸ್ಟೇ ಕೊಟ್ಟದ್ದು ಕೋರ್ಟಲ್ಲ, ಫಿರಂಗಿ. 1950ರಲ್ಲಿ ಶುರುವಾದ ಯುದ್ಧ 1953ರ ಜುಲೈ 27ರಂದು ಕದನವಿರಾಮಕ್ಕೆ ಬಂದು ನಿಂತಿತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಎರಡೂ ಸೇನೆಗಳು ಗಡಿ ಗೆರೆಯಿಂದ ಎರಡೆರಡು ಕಿಲೋಮೀಟರ್ ಹಿಂದೆ ಸರಿದವು. ಹಾಗಾಗಿ ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಸುಮಾರು 250 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಪಟ್ಟಿಯೊಂದು ಖಾಲಿ ಉಳಿಯಿತು. ಹೆಸರಿಗೆ ಅದು ಸೇನೆ ಇಲ್ಲದ ವಲಯ. ಆದರೆ ಅದರ ಎರಡೂ ಅಂಚಿನಲ್ಲಿ ಇರುವಷ್ಟು ಬಂದೂಕು ಬೇರೆ ಗಡಿಗಳಲ್ಲಿ ಕಾಣುವುದು ಅಪರೂಪ. ನಡುವೆ ಲೆಕ್ಕವಿಲ್ಲದಷ್ಟು ನೆಲಬಾಂಬುಗಳಿವೆ.

ಯುದ್ಧಕ್ಕೆ ಮೊದಲು ಅಲ್ಲಿ ಊರುಗಳಿದ್ದವು, ಭತ್ತದ ಗದ್ದೆಗಳಿದ್ದವು. ಜನ ಹೋದ ಮೇಲೆ ಗದ್ದೆಗಳು ಜೌಗು ಆದವು. ದಿಬ್ಬಗಳ ಮೇಲೆ ಮರ ಬಂತು. ಚಳಿಗಾಲಕ್ಕೆ ಉತ್ತರದಿಂದ ಬರುವ ಕೆಂಪು ನೆತ್ತಿಯ ಕ್ರೌಂಚ ಪಕ್ಷಿಗಳಿಗೆ ಇದು ನೆಲೆಯಾಯಿತು. ಜಗತ್ತಿನಲ್ಲಿ ಕೆಲವೇ ಸಾವಿರ ಉಳಿದಿರುವ ಹಕ್ಕಿ ಇದು. ಗೋರಲ್ ಎಂಬ ಕಾಡುಮೇಕೆ, ಕಸ್ತೂರಿ ಮೃಗ, ಕರಡಿ ಕೂಡ ಇವೆ. ಈ ಪಟ್ಟಿ ಮತ್ತು ಅದರ ಅಕ್ಕಪಕ್ಕದ ಪ್ರದೇಶದಲ್ಲಿ 5,000ಕ್ಕೂ ಹೆಚ್ಚು ಜಾತಿಯ ಗಿಡ, ಪ್ರಾಣಿಗಳನ್ನು ದಕ್ಷಿಣ ಕೊರಿಯಾದವರು ಗುರುತಿಸಿದ್ದಾರೆ.

ಇದನ್ನು ಹೇಳುವಾಗ ಎಲ್ಲರೂ ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಕ್ರೌಂಚಗಳು ಹೊಟ್ಟೆ ತುಂಬಿಸಿಕೊಳ್ಳುವುದು ಮನುಷ್ಯರೇ ಇಲ್ಲದ ಕಾಡಿನಲ್ಲಲ್ಲ. ಆ ಪಟ್ಟಿಯ ದಕ್ಷಿಣಕ್ಕೆ ಇನ್ನೊಂದು ವಲಯ ಇದೆ. ಅಲ್ಲಿ ರೈತರು ಸೇನೆಯ ಪರವಾನಗಿ ಪಡೆದು ಗದ್ದೆ ಮಾಡುತ್ತಾರೆ. ಚೊರ್‌ವೊನ್ ಎಂಬ ಬಯಲಿನಲ್ಲಿ ಕೊಯ್ಲಿನ ನಂತರ ಉದುರಿದ ಭತ್ತವನ್ನು ಹಕ್ಕಿಗಳು ಹೆಕ್ಕಿ ತಿನ್ನುತ್ತವೆ, ರಾತ್ರಿ ಬೇಲಿಯೊಳಗಿನ ಜೌಗಿಗೆ ಹೋಗುತ್ತವೆ. ಅಂದರೆ ಆ ಹಕ್ಕಿಗೆ ಕಾವಲೂ ಬೇಕು, ರೈತನೂ ಬೇಕು. ಮುಂದೆ ಬರುವ ಮಾತಿಗೆಲ್ಲ ಇದು ಮುಖ್ಯ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೈನ್ಯ ಕಾಡಿನ ಸ್ನೇಹಿತ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಎದುರಿನವರು ಕಾಣಬೇಕು ಅಂತ ಕೊರಿಯಾದ ಗಡಿಯಲ್ಲಿ ಹುಲ್ಲಿಗೆ, ಪೊದೆಗೆ ಬೆಂಕಿ ಇಡುತ್ತಾರೆ. ನೆಲಬಾಂಬು ಮನುಷ್ಯನನ್ನು, ಹಂದಿಯನ್ನು ಬೇರೆ ಮಾಡಿ ನೋಡುವುದಿಲ್ಲ. ಕಾಡು ಬೆಳೆದದ್ದು ಸೈನಿಕರು ಇದ್ದರು ಅಂತಲ್ಲ. ನೇಗಿಲು, ಗರಗಸ, ರಸ್ತೆ ಗುತ್ತಿಗೆದಾರ ಮೂರೂ ಬರಲಿಲ್ಲ, ಅದಕ್ಕೆ ಬೆಳೆಯಿತು.

ಈಗ ವಿಷಯಕ್ಕೆ ಬರೋಣ. ಇಂಥ ಗಡಿಗಳನ್ನು ಎರಡೂ ದೇಶದವರು ಸೇರಿ ಕಾಯುವ ಅಭಯಾರಣ್ಯ ಮಾಡಿದರೆ ಹೇಗೆ ಅನ್ನುವ ಯೋಚನೆಗೆ ಶಾಂತಿ ಉದ್ಯಾನ ಅಂತ ಹೆಸರು. ಪೀಸ್ ಪಾರ್ಕ್ ಅಂದರೆ ಇನ್ನೂ ಬೇಗ ಅರ್ಥ ಆಗಬಹುದು. ಇದರಲ್ಲಿ ಮೊದಲನೆಯದು 1932ರಷ್ಟು ಹಳೆಯದು. ಕೆನಡಾದ ವಾಟರ್ಟನ್ ಲೇಕ್ಸ್ ಮತ್ತು ಅಮೆರಿಕದ ಗ್ಲೇಸಿಯರ್ ಉದ್ಯಾನಗಳನ್ನು ಆ ವರ್ಷ ಜೋಡಿಸಿದರು. ಹಾಗೆ ಮಾಡಿ ಅಂತ ಒತ್ತಾಯಿಸಿದವರು ಎರಡೂ ಕಡೆಯ ರೋಟರಿ ಕ್ಲಬ್ಬುಗಳು. ಒಳ್ಳೆಯ ಕೆಲಸವೇ. ಆದರೆ ಮೊದಲೇ ಚೆನ್ನಾಗಿದ್ದವರ ನಡುವೆ ಉದ್ಯಾನ ಮಾಡುವುದರಲ್ಲಿ ಕಷ್ಟ ಏನಿದೆ? ನಿಜವಾದ ಪರೀಕ್ಷೆ ಇರುವುದು ರಕ್ತ ಹರಿದ ಗಡಿಗಳಲ್ಲಿ. ಅಲ್ಲೂ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಜಗಳ ಮುಗಿದ ಮೇಲೆ ಕಾಡನ್ನು ಉಳಿಸಿಕೊಳ್ಳುವುದು ಒಂದು. ಕಾಡಿನ ನೆಪದಲ್ಲಿ ಜಗಳವನ್ನೇ ಮುಗಿಸುವುದು ಇನ್ನೊಂದು. ಎರಡನೆಯದು ಸುಲಭಕ್ಕೆ ಆಗುವಂಥದ್ದಲ್ಲ.

ಮೊದಲನೆಯದಕ್ಕೆ ಜರ್ಮನಿ ನೋಡಬೇಕು. ಪೂರ್ವ, ಪಶ್ಚಿಮ ಜರ್ಮನಿಗಳ ನಡುವಿನ ಗಡಿ ಸುಮಾರು 1,400 ಕಿ.ಮೀ. ಇತ್ತು. ಬೇಲಿ, ಕಾವಲು ಗೋಪುರ, ನೆಲಬಾಂಬು ಎಲ್ಲ ಇತ್ತು. ದಾಟಲು ಹೋದವರು ಗುಂಡಿಗೆ ಬಲಿಯಾಗುತ್ತಿದ್ದರು. ಪಶ್ಚಿಮದ ಬವೇರಿಯಾದಲ್ಲಿ ಕೈ ಫ್ರೋಬೆಲ್ ಎಂಬ ಹುಡುಗ 1970ರ ದಶಕದಲ್ಲಿ ದುರ್ಬೀನು ಹಿಡಿದು ಈ ಗಡಿಯ ಬದಿಯಲ್ಲಿ ಹಕ್ಕಿ ಎಣಿಸುತ್ತಿದ್ದ. ಸುತ್ತಲಿನ ಹೊಲಗಳಿಂದ ಕಾಣೆಯಾಗಿದ್ದ ಪುಟ್ಟ ಹಕ್ಕಿಗಳು ಈ ಪಟ್ಟಿಯಲ್ಲಿ ಮಾತ್ರ ಮರಿ ಮಾಡುತ್ತಿರುವುದು ಅವನಿಗೆ ಕಂಡಿತು.

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿತ್ತು. ಜಗತ್ತೆಲ್ಲ ಸಂಭ್ರಮಿಸಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 9ರಂದು, ಹೋಫ್ ಎಂಬ ಊರಲ್ಲಿ ಎರಡೂ ಕಡೆಯ ಸುಮಾರು 400 ಪರಿಸರ ಕಾರ್ಯಕರ್ತರು ಸೇರಿದರು. ಈ ಗಡಿ ಪಟ್ಟಿ ಹಸಿರು ಪಟ್ಟಿಯಾಗಿ ಉಳಿಯಬೇಕು ಅಂತ ಠರಾವು ಮಾಡಿದರು. ಅಷ್ಟು ಅವಸರ ಯಾಕೆ ಅಂತೀರಾ? ಗಡಿ ಬಿದ್ದದ್ದೇ ತಡ, ಕೆಲವು ಕಡೆ ರೈತರು ಟ್ರ್ಯಾಕ್ಟರ್ ಇಳಿಸಿ ಉಳಲು ಶುರುಮಾಡಿದ್ದರು. ಅವರದ್ದೂ ತಪ್ಪಲ್ಲ. ಆ ನೆಲದಲ್ಲಿ ಎಷ್ಟೋ ಭಾಗ ಅವರ ಅಪ್ಪ, ಅಜ್ಜಂದಿರಿಂದ ಸರ್ಕಾರ ಕಿತ್ತುಕೊಂಡದ್ದು.

ಇಂಥ ಕಾಡಿಗೆ ಯುದ್ಧಕ್ಕಿಂತ ಶಾಂತಿಯ ಮೊದಲ ಕೆಲವು ವರ್ಷಗಳೇ ಜಾಸ್ತಿ ಅಪಾಯ ಅನ್ನುವುದು ನನಗೆ ಖಚಿತವಾದದ್ದು ಈ ಕತೆಯಿಂದ. ಗಡಿಯಲ್ಲಿ ಬಂದೂಕು ಇರುವವರೆಗೆ ಪರಿಸರವಾದಿ ಮಾಡಬೇಕಾದ ಕೆಲಸ ಏನೂ ಇಲ್ಲ. ಬಂದೂಕು ಹೋದ ದಿನವೇ ಕಾಗದ, ಪಹಣಿ, ಪರಿಹಾರದ ಹಣ ಎಲ್ಲ ಕೈಯಲ್ಲಿ ಇರಬೇಕು. ಜರ್ಮನರಿಗೆ ಇದಕ್ಕೆ ದಶಕಗಳೇ ಹಿಡಿದವು. ಒಂದಿಷ್ಟು ಜಾಗವನ್ನು ಸಂಘಟನೆಗಳು ದುಡ್ಡು ಕೊಟ್ಟು ಕೊಂಡವು, ಒಂದಿಷ್ಟನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಥುರಿಂಜಿಯಾ ರಾಜ್ಯ ತನ್ನ ಪಾಲಿನ ಪಟ್ಟಿಯನ್ನು ರಾಷ್ಟ್ರೀಯ ನಿಸರ್ಗ ಸ್ಮಾರಕ ಅಂತ ಘೋಷಿಸಿದ್ದು 2018ರಲ್ಲಿ. ಗೋಡೆ ಬಿದ್ದು 29 ವರ್ಷ ಆಗಿತ್ತು!

ಈ ಯೋಚನೆ ಆಮೇಲೆ ಯುರೋಪಿಗೆಲ್ಲ ಹಬ್ಬಿತು. ಉತ್ತರದ ಬ್ಯಾರೆಂಟ್ಸ್ ಸಮುದ್ರದಿಂದ ದಕ್ಷಿಣದ ಕಪ್ಪು ಸಮುದ್ರದವರೆಗೆ, 24 ದೇಶಗಳಲ್ಲಿ, 12,500 ಕಿ.ಮೀ. ಉದ್ದದ ಹಸಿರು ಪಟ್ಟಿಯ ಯೋಜನೆ ಈಗ ಇದೆ. ಆದರೆ ಗಡಿಯ ಕತೆ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಪೋಲೆಂಡ್ ದೇಶ ಬೆಲಾರುಸ್ ಗಡಿಯಲ್ಲಿ 2022ರಲ್ಲಿ 186 ಕಿ.ಮೀ. ಉದ್ದದ, ಐದೂವರೆ ಮೀಟರ್ ಎತ್ತರದ ಉಕ್ಕಿನ ಬೇಲಿ ಹಾಕಿತು. ಅದು ಹಾದುಹೋಗುವುದು ಬಿಯಾವೊವೆಝಾ ಎಂಬ ಪುರಾತನ ಕಾಡಿನ ನಡುವೆ. ನಮ್ಮ ಕಾಡುಕೋಣದ ಬಂಧುವಾದ ಬೈಸನ್, ಲಿಂಕ್ಸ್ ಎಂಬ ಕಾಡುಬೆಕ್ಕು ಓಡಾಡುತ್ತಿದ್ದ ಜಾಗ ಅದು.

ಇನ್ನು ಎರಡನೆಯ ಪ್ರಶ್ನೆ. ಕಾಡನ್ನೇ ಮುಂದಿಟ್ಟು ಜಗಳ ಬಿಡಿಸಲು ಆಗುತ್ತದಾ?

ಒಮ್ಮೆ ಆಗಿದೆ. ದಕ್ಷಿಣ ಅಮೆರಿಕದ ಎಕ್ವಡಾರ್ ಮತ್ತು ಪೆರು ದೇಶಗಳು ಕೊಂಡೋರ್ ಬೆಟ್ಟಸಾಲಿನ ಗಡಿಗಾಗಿ 1941, 1981, 1995ರಲ್ಲಿ ಬಡಿದಾಡಿದವು. ದಟ್ಟ ಮಳೆಕಾಡು. ಗಡಿ ಎಲ್ಲಿ ಅಂತ ಗೆರೆ ಎಳೆಯುವುದೇ ಕಷ್ಟ. 1995ರ ಯುದ್ಧದಲ್ಲಿ ತಿವಿನ್ಸಾ ಎಂಬ ಸಣ್ಣ ಠಾಣೆ ಎಕ್ವಡಾರಿನವರಿಗೆ ಮಾನದ ಪ್ರಶ್ನೆ ಆಯಿತು. ಅಲ್ಲಿ ಅವರ ಸೈನಿಕರು ಸತ್ತಿದ್ದರು. ಬಿಟ್ಟುಕೊಡಿ ಅಂದರೆ ಯಾವ ಸರ್ಕಾರ ಉಳಿಯುತ್ತದೆ?

1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಒಪ್ಪಂದ ಆಯಿತು. ಬ್ರೆಜಿಲ್, ಅರ್ಜೆಂಟೀನಾ, ಚಿಲಿ, ಅಮೆರಿಕ ನಡುವೆ ನಿಂತಿದ್ದವು. ಅವರು ಕಂಡುಕೊಂಡ ಉಪಾಯ ನೋಡಿ. ತಿವಿನ್ಸಾ ಪೆರುವಿನ ನೆಲ ಅಂತಲೇ ಆಯಿತು. ಆದರೆ ಅಲ್ಲಿಯ ಒಂದು ಚದರ ಕಿಲೋಮೀಟರ್ ಜಾಗದ ಒಡೆತನ ಎಕ್ವಡಾರಿಗೆ. ಜಾಗ ಅವರದ್ದು, ಕಾನೂನು ಇವರದ್ದು. ಬೇರೆಯವರ ಊರಲ್ಲಿ ಸೈಟು ಇದ್ದ ಹಾಗೆ ಅಂದುಕೊಳ್ಳಬಹುದು. ಗಡಿಯ ಎರಡೂ ಬದಿಗೆ ಸೈನ್ಯ ಕಾಲಿಡದ ಪರಿಸರ ವಲಯ ಮಾಡಿದರು. ಯಾರೂ ಸೋತಂತೆ ಕಾಣಲಿಲ್ಲ. ರಾಜಿ ಪಂಚಾಯ್ತಿಗಳಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಇಬ್ಬರೂ ಬಿಡಲಾರದ ಜಾಗವನ್ನು ಇಬ್ಬರೂ ಉಳುವುದಿಲ್ಲ ಅಂತ ಒಪ್ಪಿಸುವುದು, ಗೆದ್ದವರು ಯಾರು ಅಂತ ತೀರ್ಮಾನ ಹೇಳುವುದಕ್ಕಿಂತ ಹಗುರ.

ಆದರೂ ಇದರಲ್ಲಿ ಕಾಡಿನ ಪಾತ್ರವನ್ನು ಜಾಸ್ತಿ ಮಾಡಿ ಹೇಳಬಾರದು. ಸೋತು, ದಣಿದು, ಸಾಲ ಮಾಡಿಕೊಂಡ ಎರಡು ದೇಶಗಳು ರಾಜಿಗೆ ತಯಾರಾಗಿದ್ದವು. ಆಮೇಲೆ ಉದ್ಯಾನ ಅವರಿಗೆ ಮುಖ ಉಳಿಸಿಕೊಳ್ಳುವ ದಾರಿ ಕೊಟ್ಟಿತು. ಮುಂದೆ ಆದದ್ದೂ ಗೊತ್ತಿರಲಿ. ಶಾಂತಿ ಬಂದ ಮೇಲೆ ಆ ಬೆಟ್ಟಗಳಿಗೆ ಗಣಿ ಕಂಪನಿಗಳು ಬಂದವು. ಎಕ್ವಡಾರ್ ಬದಿಯಲ್ಲಿ ಮಿರಾಡೋರ್ ಎಂಬ ದೊಡ್ಡ ತಾಮ್ರದ ಗಣಿ 2019ರಲ್ಲಿ ಉತ್ಪಾದನೆ ಶುರು ಮಾಡಿತು. ಅಲ್ಲಿಯ ಶುವಾರ್ ಬುಡಕಟ್ಟಿನವರು ಇವತ್ತಿಗೂ ಹೋರಾಡುತ್ತಿದ್ದಾರೆ. ಸೈನಿಕರ ಕಾಲದಲ್ಲಿ ಅಲ್ಲಿ ಬಂಡವಾಳ ಹಾಕಲು ಯಾರಿಗೂ ಧೈರ್ಯ ಇರಲಿಲ್ಲ.

ನಮ್ಮ ದೇಶದಲ್ಲಿ ಈ ಮಾತು ಬಂದರೆ ಎಲ್ಲರ ಕಣ್ಣು ಹೋಗುವುದು ಸಿಯಾಚಿನ್ ಕಡೆಗೆ. ಸುಮಾರು 76 ಕಿ.ಮೀ. ಉದ್ದದ ಹಿಮನದಿ. 1949ರ ಕರಾಚಿ ಒಪ್ಪಂದದಲ್ಲಿ, ಆಮೇಲೆ 1972ರಲ್ಲಿ ಎಳೆದ ನಿಯಂತ್ರಣ ರೇಖೆ ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಹಿಮನದಿಗಳ ತನಕ ಉತ್ತರಕ್ಕೆ ಅಂತ ಮಾತ್ರ ಬರೆದಿದ್ದರು. ಆ ಎತ್ತರಕ್ಕೆ ಹೋಗಿ ಯಾರು ಜಗಳ ಮಾಡುತ್ತಾರೆ ಅಂದುಕೊಂಡಿರಬೇಕು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಮೂಲಕ ಭಾರತದ ಸೇನೆ ಮೊದಲು ಮೇಲೆ ತಲುಪಿತು. ಅಂದಿನಿಂದ ಎರಡೂ ಕಡೆಯವರು ಅಲ್ಲೇ ಇದ್ದಾರೆ. ಗುಂಡಿಗಿಂತ ಚಳಿ, ಹಿಮಪಾತ, ಆಮ್ಲಜನಕದ ಕೊರತೆಗೆ ಸತ್ತವರೇ ಜಾಸ್ತಿ.

2012ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಗಯಾರಿ ನೆಲೆಯ ಮೇಲೆ ಹಿಮ ಕುಸಿದು 140 ಜನ ಸತ್ತರು. 2016ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಇದ್ದು ಉಸಿರಾಡುತ್ತಾ ಹೊರಬಂದದ್ದು, ಮೂರೇ ದಿನದಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಯಾರಿಗೂ ಮರೆತಿಲ್ಲ. ಕಾರವಾರದಿಂದ ಹುಬ್ಬಳ್ಳಿವರೆಗೆ ಆ ವಾರ ಟಿವಿ ಮುಂದಿನಿಂದ ಜನ ಎದ್ದಿರಲಿಲ್ಲ.

ಸಿಯಾಚಿನ್ ಶಾಂತಿ ಉದ್ಯಾನ ಆಗಬೇಕು ಅಂತ ಪರ್ವತಾರೋಹಿ ಹರೀಶ್ ಕಪಾಡಿಯಾ ಅಂಥವರು ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. 2005ರಲ್ಲಿ ಅಲ್ಲಿಗೆ ಹೋಗಿದ್ದ ಪ್ರಧಾನಿ ಮನಮೋಹನ್ ಸಿಂಗ್ ಕೂಡ ಇದನ್ನು ಶಾಂತಿಯ ಪರ್ವತ ಮಾಡುವ ಮಾತಾಡಿದ್ದರು. ಕಾರಣವೂ ಗಟ್ಟಿಯಾಗಿದೆ. ಆ ಹಿಮದ ನೀರು ನುಬ್ರಾ ನದಿಗೆ, ಅಲ್ಲಿಂದ ಶ್ಯೋಕ್, ಸಿಂಧೂ ನದಿಗೆ ಹೋಗುತ್ತದೆ. ಮೇಲೆ ಹೋದ ಡಬ್ಬ, ಡ್ರಮ್ಮು, ಸೀಮೆಎಣ್ಣೆ, ಮಲ ಕೆಳಗೆ ಬರುವುದು ಕಷ್ಟ. ಆ ಚಳಿಯಲ್ಲಿ ಏನೂ ಕೊಳೆಯುವುದಿಲ್ಲ.

ಹಾಗಾದರೆ ಯಾಕೆ ಆಗಿಲ್ಲ? ಕಷ್ಟ ಇರುವುದು ಒಂದೇ ಕಾಗದದಲ್ಲಿ. ಈಗ ಯಾರ ಸೈನಿಕ ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ಎರಡೂ ದೇಶಗಳು ನಕ್ಷೆಯಲ್ಲಿ ಗುರುತು ಮಾಡಿ ಸಹಿ ಹಾಕಬೇಕು, ಆಮೇಲೆ ಹಿಂದೆ ಸರಿಯೋಣ ಅಂತ ಭಾರತ ಹೇಳುತ್ತದೆ. ಎತ್ತರದ ಜಾಗ ನಮ್ಮ ಕೈಯಲ್ಲಿದೆ. ನಾವು ಇಳಿದ ಮೇಲೆ ಅವರು ಹತ್ತಿದರೆ ಮತ್ತೆ ಹಿಡಿಯುವುದು ಅಸಾಧ್ಯಕ್ಕೆ ಸಮ. ಸಹಿ ಹಾಕಿದರೆ ಭಾರತದ ಹಿಡಿತವನ್ನು ಒಪ್ಪಿದಂತೆ ಅಂತ ಪಾಕಿಸ್ತಾನ ಹಿಂಜರಿಯುತ್ತದೆ. 1999ರ ಕಾರ್ಗಿಲ್ ನಂತರ ನಮ್ಮ ಸೇನೆಗೆ ಬಾಯಿಮಾತಿನ ಮೇಲೆ ನಂಬಿಕೆ ಉಳಿದಿಲ್ಲ. ಇದನ್ನು ಹಠ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಿಮಚಿರತೆಯ ಚಿತ್ರ ತೋರಿಸಿದರೆ ಈ ಗಂಟು ಬಿಚ್ಚುವುದೂ ಇಲ್ಲ.

ಕೊರಿಯಾದಲ್ಲೂ ಹಾಗೇ. ಗಡಿ ಪಟ್ಟಿಯನ್ನು ಜೀವಗೋಳ ಮೀಸಲು ಪ್ರದೇಶ ಮಾಡಿ ಅಂತ ದಕ್ಷಿಣ ಕೊರಿಯಾ ಯುನೆಸ್ಕೋಗೆ ಅರ್ಜಿ ಹಾಕಿತ್ತು. ಉತ್ತರ ಕೊರಿಯಾ ತಕರಾರು ಎತ್ತಿತು, 2012ರಲ್ಲಿ ಅರ್ಜಿ ಬಿದ್ದುಹೋಯಿತು. ಆಮೇಲೆ ದಕ್ಷಿಣದವರು ಬುದ್ಧಿವಂತಿಕೆ ಮಾಡಿದರು. ತಮ್ಮದೇ ಬದಿಯ ಗಾಂಗ್‌ವೊನ್ ಮತ್ತು ಯೋನ್‌ಚೋನ್ ಪ್ರದೇಶಗಳಿಗೆ 2019ರಲ್ಲಿ ಆ ಮಾನ್ಯತೆ ತೆಗೆದುಕೊಂಡರು. 2018ರಲ್ಲಿ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡು ತಲಾ 11 ಕಾವಲು ಠಾಣೆ ಖಾಲಿ ಮಾಡಿದ್ದರು. 2023ರ ಕೊನೆಗೆ ಆ ಒಪ್ಪಂದವೇ ಮುರಿಯಿತು. ಹಕ್ಕಿಗಳು ಮಾತ್ರ ಎರಡೂ ಕಡೆ ಇಳಿಯುತ್ತಿವೆ.

ಆಫ್ರಿಕಾದಲ್ಲಿ ಬೇರೆ ಥರದ ಪಾಠ ಇದೆ. 2002ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಮೊಜಾಂಬಿಕ್, ಜಿಂಬಾಬ್ವೆ ಸೇರಿ ಗ್ರೇಟ್ ಲಿಂಪೋಪೊ ಎಂಬ 35,000 ಚದರ ಕಿ.ಮೀ.ಗಳ ಉದ್ಯಾನಕ್ಕೆ ಸಹಿ ಹಾಕಿದವು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೂರು ಪಟ್ಟಿಗಿಂತ ಜಾಸ್ತಿ. ದಕ್ಷಿಣ ಆಫ್ರಿಕಾ ಬದಿಯ ಕ್ರೂಗರ್ ಉದ್ಯಾನದ ಬೇಲಿಯ ಒಂದಿಷ್ಟು ಭಾಗ ಕಿತ್ತರು. ಅದಕ್ಕೂ ಮೊದಲು ಮೊಜಾಂಬಿಕ್ ಬದಿಗೆ ಲಾರಿಯಲ್ಲಿ ಸಾಗಿಸಿದ ಆನೆಗಳಲ್ಲಿ ಕೆಲವು ವಾಪಸ್ ನಡೆದು ಬಂದವು! ಅದು ತಮಾಷೆ. ತಮಾಷೆ ಅಲ್ಲದ ಸಂಗತಿ ಎಂದರೆ ಮೊಜಾಂಬಿಕ್ ಬದಿಯ ಉದ್ಯಾನದೊಳಗೆ ಸಾವಿರಾರು ಜನ ವಾಸವಿದ್ದರು. 1992ರವರೆಗೆ ಅಂತರ್ಯುದ್ಧದಲ್ಲಿ ನೊಂದು, ಮರಳಿ ಬಂದು ಹೊಲ ಮಾಡಿಕೊಂಡವರು. ಪ್ರಾಣಿಗಳಿಗೆ ಗಡಿ ತೆರೆಯಿತು, ಇವರಿಗೆ ಎದ್ದು ಹೋಗಿ ಅಂತ ನೋಟಿಸು ಬಂತು. ಘೇಂಡಾಮೃಗದ ಕಳ್ಳಬೇಟೆಗಾರರಿಗೂ ಆ ಗಡಿ ಅನುಕೂಲವೇ ಆಯಿತು.

ಕಾರವಾರದವರಿಗೆ ಈ ಮಾತು ಚೆನ್ನಾಗಿ ಅರ್ಥ ಆಗುತ್ತದೆ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಯಿತು. ಅರಗಾ, ಬಿಣಗಾ ಕಡೆಯಿಂದ ಅಂಕೋಲಾ ತಾಲ್ಲೂಕಿನವರೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ಜಾಗ ಬಿಟ್ಟು ಎದ್ದವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಸೈನ್ಯದ ಬೇಲಿಯೊಳಗೆ ಎಷ್ಟು ಹಸಿರು ಇದೆ ನೋಡಿ ಅಂತ ಯಾರಾದರೂ ಹೊಗಳಿದರೆ, ಅಲ್ಲಿ ಮೊದಲು ಯಾರಿದ್ದರು ಅಂತ ಕೇಳುವ ಹಕ್ಕು ಈ ಊರಿಗೆ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಕತೆಯಂತೂ ತಿರುಗುಮುರುಗು. ಹವಳ, ಬಿಳಿ ಹೊಟ್ಟೆಯ ಕಡಲ ಹದ್ದು ಎಲ್ಲ ಇರುವ ಆ ದ್ವೀಪವನ್ನು ನೌಕಾಪಡೆ ವರ್ಷಗಟ್ಟಲೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿತ್ತು.

ನಮ್ಮ ಜಿಲ್ಲೆಗೂ ಒಂದು ಅಂತರರಾಷ್ಟ್ರೀಯ ಗಡಿ ಇತ್ತು. ಈಗಿನ ಹುಡುಗರಿಗೆ ಮಾಜಾಳಿ ಅಂದರೆ ಗೋವಾಕ್ಕೆ ಹೋಗುವಾಗ ಸಿಗುವ ಚೆಕ್‌ಪೋಸ್ಟ್ ಅಷ್ಟೆ. 1961ರ ಡಿಸೆಂಬರ್‌ವರೆಗೆ ಅದರಾಚೆಯ ಪೋಳೆಯಲ್ಲಿ ಇದ್ದದ್ದು ಪೋರ್ಚುಗೀಸರ ಆಡಳಿತ. ಆ ಗೆರೆ ಬಂದದ್ದರಲ್ಲಿ ಶಿರಸಿಯ ಪಾಲೂ ಇದೆ. ಶಿರಸಿ ಹತ್ತಿರದ ಸೋಂದೆಯ ಅರಸರು 1763ರಲ್ಲಿ ಹೈದರಾಲಿಯ ಸೇನೆ ಬಂದಾಗ ಗೋವಾಕ್ಕೆ ಓಡಿದರು. ಅವರ ಸೀಮೆಗೆ ಸೇರಿದ್ದ ಕಾಣಕೋಣದಂಥ ಪ್ರದೇಶಗಳು ಆ ಶತಮಾನ ಮುಗಿಯುವುದರೊಳಗೆ ಪೋರ್ಚುಗೀಸರ ಕೈ ಸೇರಿದವು. ಕಾರವಾರದ ಎದುರಿನ ಅಂಜುದೀವ್ ದ್ವೀಪವೂ ಅವರದ್ದೇ ಆಗಿತ್ತು. 1961ರ ಡಿಸೆಂಬರ್ 18ರಂದು ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಸತ್ತರು. ಈಗ ಅದು ನೌಕಾನೆಲೆಯ ಭಾಗ.

ಆ ಹಳೆಯ ಗಡಿಯ ಘಟ್ಟದ ಭಾಗದಲ್ಲಿ ಈಗ ಏನಿದೆ? ನಮ್ಮ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಯೋಜನೆಗೆ ಬಂದದ್ದು, 2015ರಲ್ಲಿ ಕಾಳಿ ಅಂತ ಹೆಸರಾಯಿತು. ಗೋವಾ ಕಡೆ ಖೋತಿಗಾಂವ್, ನೇತ್ರಾವಳಿ, ಮಹದಾಯಿ ಅಭಯಾರಣ್ಯಗಳು. ಒಂದೇ ಘಟ್ಟ, ಒಂದೇ ಕಾಡು. ಜೋಯಿಡಾದ ಕುಣಬಿ ಸಮುದಾಯದವರಿಗೆ ಆಚೆಯೂ ಬಂಧುಬಳಗ ಇದೆ. ಸೈನ್ಯ ಇಲ್ಲ, ಬೇಲಿ ಇಲ್ಲ, ದೇಶ ಒಂದೇ. ಎರಡು ಕೊರಿಯಾಗಳು ಕನಸಲ್ಲೂ ಕಾಣದಂಥ ಅನುಕೂಲ.

ಆದರೂ ಸುಲಭವಾಗಿಲ್ಲ ನೋಡಿ. 2020ರ ಜನವರಿಯಲ್ಲಿ ಮಹದಾಯಿ ಅಭಯಾರಣ್ಯದಲ್ಲಿ ಒಂದು ಹೆಣ್ಣು ಹುಲಿ ಮತ್ತು ಮೂರು ಮರಿ ಸತ್ತು ಬಿದ್ದಿದ್ದವು. ಹಸು ಕಳೆದುಕೊಂಡವರು ವಿಷ ಇಟ್ಟಿದ್ದರು ಅಂತ ತನಿಖೆಯಲ್ಲಿ ಬಂತು. 2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ, ಈ ಕಾಡುಗಳನ್ನು ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿ ಎಂದಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜನರನ್ನು ಎಬ್ಬಿಸುತ್ತಾರೆ ಅನ್ನುವ ಭಯ ಅಲ್ಲಿಯ ಊರುಗಳಲ್ಲಿದೆ. ಅದರ ಜೊತೆ ಮಹದಾಯಿ ನೀರಿನ ಜಗಳ ಬೇರೆ. ಆ ಕಾಡಿನ ಬಗ್ಗೆ ಗೋವಾ ಏನು ಮಾಡಿದರೂ ಕಳಸಾ ಬಂಡೂರಿಗೆ ಅಡ್ಡಗಾಲು ಅಂತ ನಮ್ಮವರಿಗೆ ಅನುಮಾನ, ನಾವು ಏನು ಅಂದರೂ ನೀರಿಗೆ ಹೊಂಚು ಅಂತ ಅವರಿಗೆ.

ದೊಡ್ಡ ಘೋಷಣೆಗೆ ಕಾಯದೆ ಮಾಡಬಹುದಾದ ಕೆಲಸ ಇಲ್ಲೂ ಇದೆ, ಬೇರೆ ದೇಶಗಳ ಗಡಿಗಳಲ್ಲೂ ಇದೆ. ಎರಡೂ ಕಡೆಯ ಅರಣ್ಯ ಸಿಬ್ಬಂದಿ ಒಂದೇ ವಾರದಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸಬೇಕು. ಆಗ ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಬೆಂಕಿ ಕಂಡರೆ ಆಚೆಯ ಗಾರ್ಡಿಗೆ ನೇರವಾಗಿ ಫೋನು ಹೋಗಬೇಕು, ಎರಡು ರಾಜಧಾನಿ ಸುತ್ತಿ ಬರಬಾರದು. ಇನ್ನೊಂದು ಕೆಲಸವನ್ನು ನಾನು ಎಲ್ಲದಕ್ಕಿಂತ ಮೇಲೆ ಇಡುತ್ತೇನೆ. ಹುಲಿ ಹಿಡಿದ ಹಸುವಿಗೆ ಎರಡೂ ರಾಜ್ಯದಲ್ಲಿ ಒಂದೇ ದರದ ಪರಿಹಾರ ಇರಬೇಕು, ಅದೂ ತಿಂಗಳೊಳಗೆ ಕೈ ಸೇರಬೇಕು. ಆ ನಾಲ್ಕು ಹುಲಿಗಳ ಸಾವಿನ ಹಿಂದೆ ಇದ್ದದ್ದು ಗಡಿ ತಕರಾರಲ್ಲ, ಹಸು ಕಳೆದುಕೊಂಡ ಮನೆಗಳ ಸಿಟ್ಟು.